ಕುರುಡ ರಾಜನಿಗೆ ದಾರಿ ಹೇಳಿದವರು

ಡೆಂಕಣಿಕೋಟೆಯ ಹಳೇ ನಾಟಕಶಾಲೆಯಲ್ಲಿ ನಮ್ಮ ಕಾರ್ಖಾನೆಯ ಗೆಳೆಯರೆಲ್ಲ ಸೇರಿ ಒಂದು ಗ್ರೀಕ್ ದುರಂತ ನಾಟಕ ಆಡಿದೆವು. ಕಣ್ಣು ಕಳೆದುಕೊಂಡ ರಾಜನ ಪಾತ್ರ ನನ್ನದು. ತಾತಂದಿರ ಕಾಲದ ಆ ರಂಗದ ಹಲಗೆಗಳು ಪ್ರೇಕ್ಷಕರ ಕಡೆಗೆ ಇಳಿಜಾರಾಗಿವೆ. ಅಂಚು ದಾಟಿದರೆ ಹಾರ್ಮೋನಿಯಂನವರು ಕೂರುವ ಗುಂಡಿ.

ಕೊನೆಯ ದೃಶ್ಯದಲ್ಲಿ ಮಗಳು ಬಂದು ನನ್ನ ಕೈಹಿಡಿದು ಕರೆದೊಯ್ಯಬೇಕು. ಆದರೆ ಆ ಪಾತ್ರದ ಹುಡುಗಿಯ ಸೀರೆ ಪರದೆಯ ಹಿಂದೆ ಮೊಳೆಗೆ ಸಿಕ್ಕಿಕೊಂಡಿತ್ತು. ನನಗದು ಗೊತ್ತಿಲ್ಲ. ಕೆಂಪು ಬಣ್ಣದಲ್ಲಿ ಅದ್ದಿದ ಬಟ್ಟೆಯನ್ನು ಕಣ್ಣಿಗೆ ಬಿಗಿದಿದ್ದರಿಂದ ಏನೂ ಕಾಣುತ್ತಿರಲಿಲ್ಲ. "ಮಗಳೇ, ಎಲ್ಲಿದ್ದೀಯ?" ಎನ್ನುತ್ತ ಕೈಚಾಚಿ ನಡೆದೆ. ಕಾಲು ತಾನಾಗಿ ಮುಂದಕ್ಕೆ ಜಾರತೊಡಗಿತು. ಬಟ್ಟೆ ಕಿತ್ತರೆ ನಾಟಕವೇ ಕೆಡುತ್ತದೆ.

ಅಷ್ಟರಲ್ಲಿ ಮುಂದಿನ ಸಾಲಿನಿಂದ ಒಬ್ಬ ಹೆಂಗಸು ಕೂಗಿದಳು. "ಅಯ್ಯೋ ಸ್ವಾಮಿ, ನಿಂತ್ಕೊ! ಮುಂದೆ ಗುಂಡಿ ಐತೆ!"

"ಅಪ್ಪಡಿಯೇ ನಿಲ್ಲುಂಗ!" ಎಂದು ಇನ್ಯಾರೋ ತಮಿಳಿನಲ್ಲಿ ಕೂಗಿದರು.

ನಿಂತೆ.

"ಈಗ ಹಿಂದಕ್ಕೋಗು. ಇನ್ನೊಂಚೂರು. ಹಾಂ, ಎಡಕ್ಕೆ ತಿರುಕ್ಕೊ," ಅಂತ ಆಕೆ ಹೇಳುತ್ತಲೇ ಹೋದಳು. ಹಾಗೇ ನಡೆದೆ. ಕೊನೆಗೆ, ಸೀರೆ ಬಿಡಿಸಿಕೊಂಡು ಬಂದ ಮಗಳ ಕೈ ಬೆರಳಿಗೆ ಸಿಕ್ಕಾಗ ನಿಜವಾಗಿಯೂ ಅತ್ತುಬಿಟ್ಟೆ. ಜನ ಜೋರಾಗಿ ಚಪ್ಪಾಳೆ ತಟ್ಟಿದರು.

ಆಟ ಮುಗಿದ ಮೇಲೆ ಆಕೆಯನ್ನು ಹುಡುಕಿ ಕೈಮುಗಿದೆ. "ಅಕ್ಕಾ, ನೀವಿಲ್ದಿದ್ರೆ ಬಿದ್ದೇ ಹೋಗ್ತಿದ್ದೆ."

ಆಕೆಯ ಸಿಟ್ಟು ಇನ್ನೂ ಇಳಿದಿರಲಿಲ್ಲ. "ಅಲ್ಲಪ್ಪಾ, ಅಷ್ಟು ದೊಡ್ಡ ರಾಜ್ಯ ಮಡಿಕ್ಕಂಡು ದಾರಿ ತೋರ್ಸಕ್ಕೆ ಒಬ್ಬ ಆಳೂ ಇಲ್ವಾ?"

ನಟರು ಸಾಲದೆ ಆಳುಗಳ ಪಾತ್ರವನ್ನು ನಾವೇ ಕತ್ತರಿಸಿದ್ದೆವು ಅಂತ ಆಕೆಗೆ ಹೇಳುವ ಧೈರ್ಯ ನನಗಾಗಲಿಲ್ಲ.