ಅವ್ವ ಬೆಲ್ಲ ಬಿಟ್ಟಳು

ನನ್ನ ತಂಗಿ ಪುಣೆಯ ಲ್ಯಾಬೊಂದರಲ್ಲಿ ಕ್ಯಾನ್ಸರ್ ಔಷಧಿಗಳ ಸಂಶೋಧನೆ ಮಾಡುತ್ತಾಳೆ. ಅವ್ವನಿಗೆ ಎದೆಯ ಕ್ಯಾನ್ಸರ್ ಆದಾಗ ಅಲಖನೂರಿನ ಮನೆಯಲ್ಲಿಟ್ಟುಕೊಂಡು ನೋಡಿಕೊಂಡವಳು ನಾನು. ಮಿರಜಿನ ಆಸ್ಪತ್ರೆಗೆ ಕರೆದೊಯ್ದವಳು, ವಾಂತಿ ಬಳಿದವಳು, ಉದುರಿದ ಕೂದಲು ಗುಡಿಸಿದವಳು ನಾನು. ಬಂದವರೆದುರು ಅವ್ವ ಹೊಗಳುತ್ತಿದ್ದುದು ಮಾತ್ರ ತಂಗಿಯನ್ನು. ನನಗೆ ಹೊಟ್ಟೆ ಉರಿಯುತ್ತಿತ್ತು, ಸುಳ್ಳೇಕೆ ಹೇಳಲಿ?

ಒಂದು ಸಂಜೆ ತಂಗಿ ವಿಡಿಯೋ ಕಾಲ್‌ನಲ್ಲಿ ತನ್ನ ಕೆಲಸ ವಿವರಿಸಿದಳು. "ಅವ್ವಾ, ಕ್ಯಾನ್ಸರ್ ಗಂಟು ಸಕ್ಕರಿ ಭಾಳ ತಿಂತೈತಿ. ಸಕ್ಕರಿಯಿಂದ ಆಗೋ ಒಂದು ಪದಾರ್ಥ ಇಲಿಗೆ ಸೂಜಿಲೆ ಕೊಟ್ಟು ಎಂಆರ್‌ಐ ಒಳಗ ನೋಡತೀವಿ. ಗಂಟು ಅದನ್ನ ಹೆಂಗ ಬಳಸತೈತಿ ಅನ್ನೂದು ಚಿತ್ರದಾಗ ಕಾಣತೈತಿ. ಹೊಸ ಔಷಧ ನಾಟಿತೋ ಇಲ್ಲೋ, ಗಂಟು ಸಣ್ಣದಾಗೂದಕ್ಕಿಂತ ಮೊದಲ ಗೊತ್ತಾಗತೈತಿ."

ಇಷ್ಟೆಲ್ಲದರಲ್ಲಿ ಅವ್ವ ಹಿಡಿದುಕೊಂಡದ್ದು ಮೊದಲನೆಯ ಮಾತೊಂದನ್ನೇ. ಕಬ್ಬು ಬೆಳೆಯುವ ಮನೆಯಲ್ಲಿ ಕೂತು ಬೆಲ್ಲ ಬಿಟ್ಟಳು. ರೊಟ್ಟಿಯೂ ಹೊಟ್ಟೆಯಲ್ಲಿ ಸಕ್ಕರೆಯಾಗುತ್ತದೆ ಎಂದು ಯಾರೋ ಹೇಳಿದರು, ರೊಟ್ಟಿಯೂ ಹೋಯಿತು. ಕುಪ್ಪಸ ಜೋಲತೊಡಗಿತು. ತೂಕ ಹೀಗೇ ಇಳಿದರೆ ಮುಂದಿನ ಕೀಮೋ ಕೊಡಲಾಗದು, ಎಲ್ಲವನ್ನೂ ಉಣ್ಣಲಿ ಎಂದರು ಡಾಕ್ಟರು. ನಾನು ತಟ್ಟೆ ಹಿಡಿದು ಗೋಗರೆದೆ.

"ನಿನಗೇನ್ ತಿಳೀತೈತಿ? ಅಕಿ ಮಶೀನ್‌ದಾಗ ನೋಡ್ಯಾಳ," ಎಂದು ಅವ್ವ ಆ ಕಡೆ ಹೊರಳಿದಳು.

ತಂಗಿಗೆ ಫೋನ್ ಮಾಡಿ ರೇಗಿದೆ. ಅವಳು ಗಾಬರಿಯಾಗಿ ಅವ್ವನನ್ನು ಫೋನಿಗೆ ಕರೆದಳು. "ನಾ ನೋಡಿದ್ದು ಇಲೀನ ಅವ್ವಾ, ನಿನ್ನ ಅಲ್ಲ. ನೀ ಉಪಾಸ ಬಿದ್ದರ ಗಂಟು ಸಾಯೂದಿಲ್ಲ, ನಿನ್ನ ಶಕ್ತಿ ಹೋಗತೈತಿ. ಉಣ್ಣು."

ನಾನು ದಿನಾ ಹೇಳಿದ್ದೂ ಅದನ್ನೇ. ಅವ್ವ ಈಗ ತಟ್ಟೆ ಎಳೆದುಕೊಂಡಳು. ಜೀವ ತಣ್ಣಗಾಯಿತು, ಅದರ ಬೆನ್ನಿಗೇ ತಂಗಿಯ ಮೇಲೆ ಮೈಯೆಲ್ಲ ಉರಿಯಿತು.

ಅಂದಿನಿಂದ ನನ್ನ ಮಾತುಗಳನ್ನೆಲ್ಲ ತಂಗಿಯ ಹೆಸರಲ್ಲೇ ಹೇಳತೊಡಗಿದೆ. ಮಧ್ಯಾಹ್ನ ಮಲಗಬೇಕಂತೆ, ಬೇಳೆಕಟ್ಟು ಕುಡಿಯಬೇಕಂತೆ. ಅವ್ವ ತಕರಾರಿಲ್ಲದೆ ಕೇಳಿದಳು. ತೂಕ ಏರಿತು, ಕೀಮೋ ಮುಂದುವರಿಯಿತು. ಬಾಯಿ ಕೆಟ್ಟಿದೆಯೆಂದು ಅವಳು ಮುಖ ಸಿಂಡರಿಸಿದ ಒಂದು ದಿನ, ಅವಳಿಗೆ ಇಷ್ಟವೆಂದು ಮಾದಲಿ ಮಾಡಿ, ಬೆಲ್ಲ ತುಸು ಹೆಚ್ಚೇ ಹಾಕಿ, ತುಪ್ಪ ಸುರಿದು ಮುಂದಿಟ್ಟೆ.

"ತಂಗಿ ಹೇಳ್ಯಾಳ," ಎಂದೆ.

ಒಂದು ತುತ್ತು ನುಂಗಿ ಅವ್ವ ಕಣ್ಣೊರೆಸಿಕೊಂಡಳು. "ನೋಡು, ಅಷ್ಟ ದೂರ ಕುಂತು ನನ್ನ ಬಾಯಿ ರುಚಿ ಅಕಿಗೆ ತಿಳೀತೈತಿ. ಹಡದರ ಅಂಥಾಕಿನ್ನ ಹಡೀಬೇಕು."

"ಹೌದವ್ವಾ," ಎಂದು ಇನ್ನೊಂದು ಚಮಚ ತುಪ್ಪ ಹಾಕಿದೆ.