ತಮ್ಮನ ಹೊಟ್ಟೆಯ ಒಳ್ಳೆಯ ಹುಳಗಳು

ನನ್ನ ತಮ್ಮನಿಗೆ ಸ್ಕಿಜೋಫ್ರೇನಿಯಾ. ಈ ಹೆಸರನ್ನು ಸರಿಯಾಗಿ ಹೇಳಲು ನನಗೆ ಎರಡು ವರ್ಷ ಹಿಡಿಯಿತು, ಬರೆಯಬೇಕಾದರೆ ಈಗಲೂ ಡಾಕ್ಟರ ಚೀಟಿ ನೋಡಬೇಕು. ಶಹಾಬಾದಿನಲ್ಲಿ ನೆಲಕ್ಕೆ ಹಾಸುವ ಫರಶಿ ಕಲ್ಲಿಗೆ ಪಾಲಿಶ್ ಹೊಡೆಯುವ ಕೆಲಸಕ್ಕಿದ್ದಾಗ, ಯಂತ್ರ ನಿಂತ ಮೇಲೂ ಅದರೊಳಗಿಂದ ಯಾರೋ ಬೈಯುವುದು ಕೇಳುತ್ತದೆ ಎನ್ನತೊಡಗಿದ. ಆಗ ಅವನಿಗೆ ಇಪ್ಪತ್ತೈದು, ಈಗ ಐವತ್ತು ದಾಟಿದ್ದಾನೆ. ಮದುವೆಯಾಗಲಿಲ್ಲ. ಸೇಡಂನಲ್ಲಿ ನನ್ನ ಮನೆಯಲ್ಲೇ ಇದ್ದಾನೆ. ಮುಂಜಾನೆ ಒಂದು ಗುಳಿಗೆ, ರಾತ್ರಿ ಒಂದು, ಎರಡೂ ಊಟದ ಮೇಲೆ. ನುಂಗಿದರೆ ಎಮ್ಮೆ ನೋಡಿಕೊಳ್ಳುತ್ತಾನೆ, ತೊಗರಿ ಹಸನು ಮಾಡುತ್ತಾನೆ, ನನ್ನ ಕೂಡ ಜಗಳವಾಡುತ್ತಾನೆ. ನುಂಗದಿದ್ದರೆ ಅವನು ಬೇರೆಯೇ ಮನುಷ್ಯ. ಎರಡು ಸಲ ತಿಂಗಳುಗಟ್ಟಲೆ ದವಾಖಾನೆಯಲ್ಲಿ ಇಡಬೇಕಾಗಿ ಬಂದಿತ್ತು. ಮೂರನೆಯ ಸಲ ಆಗಬಾರದು, ನನಗಿರುವುದು ಅದೊಂದೇ ಚಿಂತೆ.

ಹೋದ ವರ್ಷ ಶ್ರಾವಣ ಹತ್ತಿದ ವಾರವೇ ನನ್ನ ಅಳಿಯ ಒಂದು ಡಬ್ಬಿ ಹಿಡಿದುಕೊಂಡು ಬಂದ. ಅವನು ವಾಡಿಯ ಸಿಮೆಂಟ್ ಕಾರ್ಖಾನೆಯಲ್ಲಿ ಕಲ್ಲಿನ ಪುಡಿ ಪರೀಕ್ಷೆ ಮಾಡುವವನು. ಒಂದು ಪುಡಿ ಗೊತ್ತಿದ್ದರೆ ಲೋಕದ ಪುಡಿಯೆಲ್ಲ ಗೊತ್ತು ಎಂದುಕೊಂಡಿದ್ದಾನೆ.

"ಅತ್ತಿ, ಇದಕ್ಕ ಪ್ರೊಬಯೋಟಿಕ್ ಅಂತಾರ. ಒಳ್ಳೆ ಬ್ಯಾಕ್ಟೀರಿಯಾ ಅವ ಇದರಾಗ, ಜೀವಂತ. ಮಾಮಾನ ರೋಗದ ಬೇರು ಹೊಟ್ಟ್ಯಾಗ ಅದ ಅಂತ ಮೊಬೈಲಿನ್ಯಾಗ ಒಬ್ಬ ಡಾಕ್ಟರ್ ಹೇಳ್ಯಾನ."

"ಜೀವಂತ ಹುಳ ತಿನಸ್ತೀರೇನು?"

"ಹುಳ ಅಲ್ರಿ. ಮಸರಿನಾಗ ಇರ್ತಾವಲ್ಲ, ಅಂಥಾವು."

"ಮಸರಿನಾಗ ಇದ್ರ ಮಸರ ತಿಂತಾನ. ನಮ್ಮ ಎಮ್ಮಿ ಏನು ತಪ್ಪು ಮಾಡ್ಯಾದ?"

ಅಳಿಯ ನಕ್ಕ. ತಮ್ಮ ನಗಲಿಲ್ಲ. "ಅಂದ್ರ ನನ್ನ ತಲಿ ಸರಿ ಅದ?" ಎಂದು ಕೇಳಿದ.

"ತಲಿ ಭಾಳ ಚಲೋ ಅದ ಮಾಮಾ. ಹೊಟ್ಟಿ ಕೆಟ್ಟದ."

ಇಷ್ಟು ವರ್ಷದಲ್ಲಿ ತಮ್ಮನ ಮುಖದ ಮೇಲೆ ಅಂಥ ಖುಷಿ ನಾನು ಕಂಡಿರಲಿಲ್ಲ. ಆ ಪುಡಿಯನ್ನು ಅಲ್ಲೇ ಅಳಿಯನ ಬಾಯಿಗೆ ತುರುಕಬೇಕಿತ್ತು, ತುರುಕಲಿಲ್ಲ.

ದಿನಾ ಮುಂಜಾನೆ ತಮ್ಮ ಪುಡಿಯನ್ನು ಮಜ್ಜಿಗೆಯಲ್ಲಿ ಕಲಸಿ ಕುಡಿಯತೊಡಗಿದ. ಸುಳ್ಳು ಯಾಕೆ ಹೇಳಲಿ, ಗುಳಿಗೆಯ ದೆಸೆಯಿಂದ ಅವನಿಗೆ ಹೊರಕಡೆಗೆ ಸರಿಯಾಗಿ ಆಗುತ್ತಿರಲಿಲ್ಲ, ಅದೊಂದು ಸಲೀಸಾಯಿತು. ಅಳಿಯ ಫೋನಿನಲ್ಲಿ ಅದನ್ನು ಕೇಳಿ, ತನಗೇ ಆದಷ್ಟು ಹಿಗ್ಗಿದ. ಚಿಂಚೋಳಿಯ ನನ್ನ ತಂಗಿಗೂ ಸುದ್ದಿ ಮುಟ್ಟಿಸಿದ. ಅವಳು ತನ್ನ ಗಂಡನ ಸಕ್ಕರೆ ಕಾಯಿಲೆಗೂ ಒಂದು ಡಬ್ಬಿ ಬೇಕೆಂದಳು.

ಮೂರನೆಯ ವಾರ ತಮ್ಮ ಎಮ್ಮೆಯ ಪಕ್ಕದಲ್ಲಿ ಹೊಟ್ಟೆ ಹಿಡಿದುಕೊಂಡು ಕುಂತಿದ್ದ.

"ಯಾಕೋ, ನೋಯ್ಲಿಕತ್ತದೇನು?"

"ಸುಮ್ಮನಿರು ಅಕ್ಕಾ. ಅವು ಮಾತಾಡ್ಲಿಕತ್ತಾವ."

"ಯಾವು?"

"ಒಳ್ಳೆ ಹುಳ. ನಿನ್ನ ಬಗ್ಗೇನೇ ಹೇಳ್ಲಿಕತ್ತಾವ."

ಮೊದಲು ಕಲ್ಲಿನ ಯಂತ್ರದಲ್ಲಿದ್ದ ದನಿಗಳು ಈಗ ಅಳಿಯ ತೋರಿಸಿಕೊಟ್ಟ ಜಾಗದಲ್ಲಿ ಬಂದು ಕುಂತಿದ್ದವು. ಅಳಿಯನಿಗೆ ಫೋನ್ ಹಚ್ಚಿದೆ.

"ಡೋಸ್ ಕಮ್ಮಿ ಆಗಿರಬೇಕು ಅತ್ತಿ. ಎರಡೆರಡು ಚಮಚ ಕೊಡ್ರಿ."

"ನೀವು ಬರ್ರಿ ಇಲ್ಲಿ. ನಿಮಗ ನಾಕು ಚಮಚ ಕೊಡ್ತೀನಿ" ಎಂದು ಫೋನ್ ಇಟ್ಟೆ.

ಮರುದಿನ ತಮ್ಮನನ್ನು ರೈಲು ಹತ್ತಿಸಿಕೊಂಡು ಚಿತ್ತಾಪುರಕ್ಕೆ ಹೋದೆ. ಅವನನ್ನು ನೋಡುವ ಡಾಕ್ಟರಮ್ಮ ಅಲ್ಲಿದ್ದಾರೆ. ಡಬ್ಬಿಯನ್ನು ಅವರ ಮೇಜಿನ ಮೇಲೆ ಕುಕ್ಕಿ, "ಇದಕ್ಕ ನಾಕು ಬೈರಿ" ಎಂದೆ. ಅವರು ಬೈಯಲಿಲ್ಲ. ಡಬ್ಬಿ ತಿರುಗಿಸಿ ಓದಿದರು.

"ಹೊಟ್ಟಿಗೂ ಮಿದುಳಿಗೂ ಸಂಬಂಧ ಅದ ಅಮ್ಮಾ. ಅದರ ಮ್ಯಾಲ ಸಂಶೋಧನೆ ನಡದದ. ಆದ್ರ ಇದರಿಂದ ಈ ರೋಗ ವಾಸಿ ಆಗ್ತದ ಅಂತ ಖಾತ್ರಿ ಇಲ್ಲ. ಗುಳಿಗಿ ಜಾಗಾಕ್ಕಂತೂ ಇದು ಬರಂಗಿಲ್ಲ. ಗುಳಿಗಿ ನುಂಗ್ಲಿಕತ್ತಾರಲ್ಲ?"

"ಒಂದಿನ ತಪ್ಪಿಲ್ರಿ" ಎಂದೆ, ದೊಡ್ಡ ದನಿಯಲ್ಲಿ.

ಅವರು ತಮ್ಮನನ್ನೇ ಕೇಳಿದರು. "ದಿನಕ್ಕ ಎಷ್ಟು ತೊಗೊಳ್ತೀರಿ?"

"ಒಂದ್ರಿ."

"ಎರಡು ಬರ್ದೀನಲ್ಲ?"

"ಊಟದ ಮ್ಯಾಲ ಅಂತ ಬರ್ದೀರಿ. ಶ್ರಾವಣದಾಗ ನಮ್ಮದು ಒಪ್ಪತ್ತು. ಒಂದೇ ಊಟ, ಒಂದೇ ಗುಳಿಗಿ."

ಡಾಕ್ಟರಮ್ಮ ನನ್ನ ಕಡೆ ನೋಡಿದರು. ನಾನು ಕಿಟಕಿಯ ಕಡೆ ನೋಡಿದೆ. ಪ್ರತಿ ವರ್ಷ ಒಪ್ಪತ್ತು ನಾನೊಬ್ಬಳೇ ಹಿಡಿಯುತ್ತಿದ್ದೆ, ಅವನು ರೋಗಿಯೆಂದು ಬಿಟ್ಟಿದ್ದೆ. ಈ ಸಲ, ತಲಿ ಸರಿ ಇದ್ದವರು ಹಿಡೀಬೇಕು ಎಂದು ತಾನಾಗಿ ಹಿಡಿದ. ಒಳ್ಳೆಯದೇ ಆಯಿತೆಂದು ತಲೆಯಾಡಿಸಿದವಳು ನಾನೇ. ಮಜ್ಜಿಗೆ ಊಟದ ಲೆಕ್ಕಕ್ಕೆ ಬರುವುದಿಲ್ಲ, ಊಟ ರಾತ್ರಿಯದೊಂದೇ. ರಾತ್ರಿಯ ಗುಳಿಗೆ ನಾನು ಕೈಯಾರೆ ಕೊಡುತ್ತಿದ್ದೆ, ಮುಂಜಾನೆಯದು ಅವನೇ ನುಂಗುತ್ತಾನೆಂದುಕೊಂಡು ಕೇಳಿರಲೇ ಇಲ್ಲ. ಅಳಿಯನನ್ನು ದಾರಿಯುದ್ದಕ್ಕೂ ಬೈದುಕೊಂಡು ಬಂದಿದ್ದೆ. ಅರ್ಧ ನನ್ನ ಪಾಲಿಗೇ ಬಂತು.

"ನಾಳಿಂದ ಮುಂಜಾನಿ ಉಣ್ಣಿಸಿ ಗುಳಿಗಿ ಕೊಡ್ರಿ. ವಾರದಾಗ ಕಮ್ಮಿ ಆಗ್ಲಿಲ್ಲಂದ್ರ ದವಾಖಾನ್ಯಾಗ ಭರ್ತಿ ಮಾಡಬೇಕಾಗ್ತದ" ಎಂದರು.

ಮರುದಿನ ಮುಂಜಾನೆ ರೊಟ್ಟಿ, ಶೇಂಗಾ ಚಟ್ನಿಪುಡಿ, ಮೊಸರು ತಾಟಿಗೆ ಹಾಕಿ ಅವನ ಮುಂದಿಟ್ಟೆ. ಅವನು ತಾಟು ನೂಕಿದ.

"ಒಪ್ಪತ್ತು ಮುರಿಯಂಗಿಲ್ಲ."

"ಡಾಕ್ಟರಮ್ಮ ಹೇಳ್ಯಾರಲ್ಲೋ."

"ನೀ ಹಿಡೀಬಹುದು, ನಾ ಹಿಡೀಬಾರ್ದು. ಯಾಕ? ನಂಗ ಹುಚ್ಚಂತ?"

ಬೈದರೆ ಎದ್ದು ಹೋಗುತ್ತಾನೆ, ಅತ್ತರೆ ಇನ್ನೂ ಬೇಗ ಹೋಗುತ್ತಾನೆ. ಮದುವೆಯಾಗಿ ಬಂದಾಗಿನಿಂದ ಒಂದು ಶ್ರಾವಣವನ್ನೂ ಮುರಿಯದವಳು ನಾನು. ತಾಟು ನನ್ನ ಕಡೆಗೆ ಎಳೆದುಕೊಂಡು ರೊಟ್ಟಿ ಮುರಿದು ಬಾಯಿಗೆ ಹಾಕಿಕೊಂಡೆ.

"ಅಕ್ಕಾ! ಶ್ರಾವಣ ಅದ!"

"ಗೊತ್ತದ. ಮನ್ಯಾಗ ಯಾರಿಗೂ ಒಪ್ಪತ್ತಿಲ್ಲ ಇನ್ನ. ತಿನ್ನು."

ನಾನು ಒಂದು ರೊಟ್ಟಿ ಮುಗಿಸುವವರೆಗೂ ನನ್ನ ಬಾಯಿಯನ್ನೇ ನೋಡಿದ. ಎರಡನೆಯದಕ್ಕೆ ಕೈ ಹಾಕಿದಾಗ, ಅರ್ಧ ಕಿತ್ತುಕೊಂಡ. ಆಮೇಲೆ ಗುಳಿಗೆ ನುಂಗಿದ.

ಹುಳಗಳು ಒಮ್ಮೆಲೇ ಸುಮ್ಮನಾಗಲಿಲ್ಲ, ಮೆಲ್ಲಗೆ ಕಮ್ಮಿಯಾದವು. ಭರ್ತಿ ಮಾಡುವುದು ತಪ್ಪಿತು. ಪುಡಿ ಇನ್ನೂ ಕುಡಿಯುತ್ತಾನೆ, ಹೊರಕಡೆಗೆ ಚಲೋ ಆಗುತ್ತದೆ, ಕುಡಿಯಲಿ. ಈಗ ಮತ್ತೆ ಶ್ರಾವಣ ಬಂದಿದೆ. ಹಸಿವಿಲ್ಲದಿದ್ದರೂ ದಿನಾ ಮುಂಜಾನೆ ಅವನೆದುರು ಕುಂತು, ಉಳಿದಿರುವ ಹಲ್ಲಿನಲ್ಲಿ ರೊಟ್ಟಿ ಅಗಿಯುತ್ತೇನೆ. ತಡವಾದರೆ ಅವನೇ ಬೈಯುತ್ತಾನೆ.

"ಲಗೂ ತಿನ್ನು ಅಕ್ಕಾ. ನಂಗ ಗುಳಿಗಿ ಹೊತ್ತಾಯ್ತು."