ಗೋಡೆಗೆ ಎರಡು ಬಡಿತ

ಗೆಳೆಯರೇ, ಸೇಲಂನ ನಮ್ಮ ನೇಕಾರರ ಬೀದಿಯಲ್ಲಿ ಎರಡು ಮನೆಗೆ ಒಂದೇ ಗೋಡೆ. ಒಂದು ಸಲ ಬಡಿದರೆ 'ಇದ್ದೀಯಾ?', ಆ ಕಡೆಯಿಂದ ಎರಡು ಬಡಿದರೆ 'ಇದ್ದೀನಿ, ಬಾ'.

ಬೆಳಿಗ್ಗೆ ಕರಿಬೇವು ಬೇಕಿತ್ತು, ಬಡಿದೆ. ಎರಡು ಬಡಿತ ಬಂತು. ಹೋಗಿ ನೋಡಿದರೆ ಬಾಗಿಲಿಗೆ ಬೀಗ! ಅಷ್ಟರಲ್ಲಿ ಆ ಮನೆಯ ಸರಸಕ್ಕ ಬ್ಯಾಗು ಹಿಡಿದು ಆಟೋ ಇಳಿದರು.

"ಅಕ್ಕಾ, ಒಳಗೆ ಯಾರವ್ರೆ?"

"ಯಾರೂ ಇಲ್ವಲ್ಲೇ. ಮೂರು ದಿನದಿಂದ ಎಲ್ರೂ ಏರ್ಕಾಡ್‌ನಾಗೆ ಇದ್ವಿ."

ನಡೆದದ್ದು ಹೇಳಿದೆ. ಅಕ್ಕ ಬೀಗದ ಕೈಯನ್ನು ನನ್ನ ಕೈಗೇ ತುರುಕಿದರು. "ಈ ಸಾವಿ ತಗೊ, ಬೀಗ ತೆಗಿ. ನೀನೇ ಮುಂದೆ ಓಗು."

ಯಾರೂ ಹೋಗಲಿಲ್ಲ. ಇಬ್ಬರೂ ನಮ್ಮನೆಯಲ್ಲೇ ಕಾಫಿ ಕುಡಿಯುತ್ತಿದ್ದೇವೆ. ಈಗಷ್ಟೇ ಆ ಕಡೆಯಿಂದ ಗೋಡೆಗೆ ಒಂದೇ ಒಂದು ಬಡಿತ ಬಿತ್ತು. ಇದ್ದೇವೆ ಅಂತ ಹೇಳುವ ಧೈರ್ಯ ಇಬ್ಬರಿಗೂ ಇಲ್ಲ.